ಹಳದಿ ದೀಪ ಮಾಡಿದವರು

ನಾನು ಕಂಡವರಲ್ಲಿ ಅವರಷ್ಟು ಹೆದರುತ್ತಿದ್ದವರು ಇನ್ನೊಬ್ಬರಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂರುತ್ತಿರಲಿಲ್ಲ. ಹೋಟೆಲಿನಲ್ಲಿ ಫ್ಯಾನಿನ ಕೆಳಗಿನ ಮೇಜು ಖಾಲಿಯಿದ್ದರೂ ಗೋಡೆ ಬದಿಯ ಮೇಜು ಬಿಡುವಾಗುವವರೆಗೆ ನಿಂತೇ ಕಾಯುತ್ತಿದ್ದರು. ಕಾರ್ಖಾನೆಯಲ್ಲಿ ಟೀ ಕಾಯಿಸಿ ಗ್ಯಾಸ್ ಆರಿಸಿದ ಮೇಲೆ ಎರಡು ಸಲ ಬಂದು ಸ್ಟೌವ್ ಮೂಸಿ ಹೋಗುತ್ತಿದ್ದರು. ನಾವು ಹುಡುಗಿಯರು ಅವರ ಬೆನ್ನ ಹಿಂದೆ ಬಾಯಿಗೆ ವೇಲ್ ಒತ್ತಿಕೊಂಡು ನಗುತ್ತಿದ್ದೆವು.

ಅವರು ಹೋಗಿ ಒಂದು ವರ್ಷವಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬರುತ್ತದೆ ಅಂದರೆ ಅದಕ್ಕೂ ಹೆದರುತ್ತಿದ್ದರು.

ನಾನು ಚನ್ನಪಟ್ಟಣದವಳು. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ, ರಾಮನಗರದ ಹತ್ತಿರ ಮೈಸೂರು ರಸ್ತೆಯಿಂದ ಒಳಗಿದ್ದ ಒಂದು ಸಣ್ಣ ಕಾರ್ಖಾನೆಗೆ ಸೇರಿದಾಗ ನನಗೆ ಇಪ್ಪತ್ತು ವರ್ಷ. ಬಿಸಿಲಿಗಿಟ್ಟರೆ ಚಾರ್ಜ್ ಆಗುವ ಸೋಲಾರ್ ದೀಪ ಅಲ್ಲಿ ತಯಾರಾಗುತ್ತಿತ್ತು. ಕೈಯಲ್ಲಿ ಹಿಡಿದು ಓಡಾಡುವಂಥದ್ದು, ಹಳದಿ ಪ್ಲಾಸ್ಟಿಕ್ಕಿನ ಮೈ, ಹೊಟ್ಟೆಯೊಳಗೆ ಅರ್ಧ ಇಟ್ಟಿಗೆಯಷ್ಟು ದೊಡ್ಡ ಸೀಸದ ಬ್ಯಾಟರಿ. ಆ ದೀಪವನ್ನು ಯೋಚಿಸಿ, ನಕ್ಷೆ ಬರೆದು, ಅಚ್ಚು ಮಾಡಿಸಿದವರು ಅವರು. ಡ್ರಾಯಿಂಗ್ ಸೆಕ್ಷನ್ ಅಂದರೆ ಅವರೊಬ್ಬರೇ. ಹಾಗಾಗಿ ಎಲ್ಲರಿಗೂ ಅವರು ಡ್ರಾಯಿಂಗ್ ಸಾರ್.

ಅವರ ಊರು ಸಾತನೂರಿನ ಕಡೆ. ಹಿಪ್ಪುನೇರಳೆ ತೋಟ, ನಾಲ್ಕು ಹಸು, ಮನೆಯೊಳಗೇ ರೇಷ್ಮೆ ಹುಳು ಸಾಕುವ ಸಂಸಾರ. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಅವರು ತಾವಾಗಿಯೇ ಹೇಳಿದರು. ಚಿಕ್ಕಂದಿನಲ್ಲಿ ಅವರ ಅಕ್ಕ ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಾಗ ಸೀಮೆಎಣ್ಣೆ ಬುಡ್ಡಿ ಜಾರಿ ಮೈಮೇಲೆ ಬಿತ್ತಂತೆ.

"ನಾನು ಬಾಗ್ಲಲ್ಲೇ ನಿಂತಿದ್ದೆ ಕಣಮ್ಮ. ಬಿಂದಿಗೆ ನೀರು ಪಕ್ಕದಾಗೇ ಇತ್ತು. ಕಾಲೇ ಏಳ್ಲಿಲ್ಲ. ನಮ್ಮವ್ವ ಓಡಿಬಂದು ಗೋಣಿ ಹೊದಿಸಿದ್ಲು. ಅಕ್ಕನ ಕುತ್ತಿಗೆ ಇವತ್ಗೂ ಒಂದು ಕಡೆ ತಿರುಗಕಿಲ್ಲ."

ಅಷ್ಟು ಹೇಳಿ ಎದ್ದು ಹೋಗಿ, ಆರಿಸಿದ್ದ ಗ್ಯಾಸನ್ನು ಮತ್ತೆ ಮೂಸಿ ಬಂದರು. ಅಂದಿನಿಂದ ನಾನು ನಗುವುದನ್ನು ಬಿಟ್ಟೆ.

ಎಣ್ಣೆಯಿಲ್ಲದ, ಬೆಂಕಿಯಿಲ್ಲದ, ಹೊಗೆಯಿಲ್ಲದ ದೀಪ ಅವರಿಗೆ ಬರೀ ಕೆಲಸವಾಗಿರಲಿಲ್ಲ. ಆದರೆ ಅದರೊಳಗೂ ಒಂದು ಭಯ ಅವರನ್ನು ಕಾಡುತ್ತಿತ್ತು. ಬ್ಯಾಟರಿಯಲ್ಲಿ ಆಸಿಡ್ ಇದೆಯಲ್ಲ, ಯಾರಾದರೂ ಬಿಚ್ಚಿದರೆ?

"ಬಿಚ್ಚೇ ಬಿಚ್ತಾರೆ ಕಣಮ್ಮ. ಮನೇಲಿ ಸ್ಕ್ರೂಡ್ರೈವರ್ ಇರೋನು ಸುಮ್ನೆ ಇರ್ತಾನಾ? ಮಕ್ಳು ಕೈ ಹಾಕಿದ್ರೆ ಏನ್ ಗತಿ?"

ಅದಕ್ಕೆ ಅವರು ಸ್ಕ್ರೂಗಳನ್ನೇ ತೆಗೆದುಹಾಕಿದರು. ಎರಡು ಹೋಳುಗಳ ಅಂಚಿಗೆ ಸುತ್ತಲೂ ಗಟ್ಟಿ ಅಂಟು ಹಾಕಿ ಒತ್ತಿ ಕೂಡಿಸುವ ಹಾಗೆ ನಕ್ಷೆ ಬದಲಾಯಿಸಿದರು. ಮೊದಲ ದೀಪದ ಅಂಟು ಒಣಗಿದ ದಿನ ಅದನ್ನು ಕಾರ್ಖಾನೆಯ ಚಾವಣಿ ಶೀಟಿನ ಮೇಲಿಂದ ಕೆಳಕ್ಕೆ ಎಸೆಸಿದರು. ಲಾರಿಗೆ ಲೋಡ್ ಮಾಡುವ ಗಟ್ಟಿ ಆಳಿನ ಕೈಗೆ ಕೊಟ್ಟು ಕೀಳಲು ಹೇಳಿದರು. ಅವನು ಮಂಡಿಗೆ ಒತ್ತಿ ಎಳೆದು ಬೆವರಿದನೇ ಹೊರತು ದೀಪ ಬಾಯಿ ಬಿಡಲಿಲ್ಲ. ಅವತ್ತು ಅವರು ಎರಡನೇ ಲೋಟ ಕಾಫಿ ಕುಡಿದರು. ಸಂತೋಷಕ್ಕೆ ಅವರಲ್ಲಿದ್ದ ಗುರುತು ಅದೊಂದೇ.

ದೀಪ ಚೆನ್ನಾಗಿ ಮಾರಾಟವಾಯಿತು. ಹುಳು ಮನೆಗಳಲ್ಲಿ ಅದಕ್ಕೆ ಬಹಳ ಬೇಡಿಕೆ. ಸೀಮೆಎಣ್ಣೆ ವಾಸನೆ ಹುಳುವಿಗೆ ಆಗುವುದಿಲ್ಲ. ಒಮ್ಮೆ ಮಾಗಡಿ ಕಡೆ ಕೆಂಪಾಪುರದಲ್ಲಿ ದೀಪ ತೋರಿಸಲು ಹೋಗಿದ್ದಾಗ ನಾನೂ ಜೊತೆಗಿದ್ದೆ. ಒಬ್ಬ ಅಜ್ಜಿ ದೀಪವನ್ನು ತಿರುವಿ ಮುರುವಿ ನೋಡಿ ಕೇಳಿದಳು:

"ಎಣ್ಣೆ ಎಲ್ಲಿಗ್ಲಾ ಹುಯ್ಯಾದು?"

"ಎಣ್ಣೆ ಬ್ಯಾಡಜ್ಜಿ. ಬಿಸ್ಲು ಸಾಕು."

"ಮೋಡ ಕಟ್ಕೊಂಡ್ರೆ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಜೇಬಿನ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ವಾಪಸು ಬಂದವರೇ ಮೋಡದ ದಿನಗಳಿಗೆ ಸಾಲಲಿ ಎಂದು ಇನ್ನೂ ದೊಡ್ಡ ಬ್ಯಾಟರಿ ಹಾಕಿಸಿದರು. ಅವರ ಪ್ರತಿಯೊಂದು ಹೆದರಿಕೆಯೂ ಆ ದೀಪದೊಳಗೆ ಹೋಗಿ ಕುಳಿತು, ದೀಪ ಭಾರವಾಗುತ್ತಾ ಹೋಯಿತು.

ಮೂರು ವರ್ಷದ ಮೇಲೆ ನನ್ನನ್ನು ಸರ್ವಿಸ್ ಸೆಕ್ಷನ್ನಿಗೆ ಹಾಕಿದರು. ಬ್ಯಾಟರಿಯ ಆಯುಸ್ಸು ಹೆಚ್ಚೆಂದರೆ ಎರಡು ಮೂರು ವರ್ಷ. ಆಮೇಲೆ ದೀಪ ನಮ್ಮಲ್ಲಿಗೆ ಬರಬೇಕು, ನಾವು ವಿಶೇಷ ಬ್ಲೇಡಿನಿಂದ ಅಂಟು ಕೊಯ್ದು ಹೊಸ ಬ್ಯಾಟರಿ ಹಾಕಿ ಕೊಡಬೇಕು ಎಂಬುದು ಲೆಕ್ಕಾಚಾರ. ನನ್ನ ಬೆಂಚಿನ ಮೇಲೆ ಬಂದ ದೀಪಗಳು ಬೆರಳೆಣಿಕೆಯಷ್ಟು. ನನಗೆ ಕೆಲಸ ಕಮ್ಮಿಯೆಂದು ಖುಷಿಯೇ ಆಗಿತ್ತು. ಅವರು ದಿನವೂ ಬಂದು ಖಾಲಿ ಕಪಾಟನ್ನು ನೋಡುತ್ತಾ ನಿಲ್ಲುತ್ತಿದ್ದರು.

"ಮಿಕ್ಕಿದ್ದೆಲ್ಲ ಎಲ್ಲೋದ್ವಮ್ಮ?" ಅಂದರು ಒಂದು ದಿನ.

"ಇನ್ನೂ ಉರೀತಿರಬೇಕು ಸಾರ್."

"ಉರಿಯಕಿಲ್ಲ. ಅದು ನಂಗೊತ್ತು. ಸತ್ತಿರ್ತವೆ. ಸತ್ತಿದ್ದು ಎಲ್ಲೈತೆ?"



ಮುಂದಿನ ಭಾನುವಾರ ಇಬ್ಬರೂ ಸಾತನೂರಿಗೆ ಹೋದೆವು. ದೀಪ ಕೊಂಡವರ ಪಟ್ಟಿ ನನ್ನ ಬಳಿ ಇತ್ತು. ಮೊದಲ ಮನೆಯಲ್ಲಿ ಹೆಂಗಸು ಹಾಲಿನ ಕ್ಯಾನು ತೊಳೆಯುತ್ತಿದ್ದಳು. ದೀಪ ಎಲ್ಲಿ ಎಂದು ಕೇಳಿದರೆ, "ಅದಾ? ಕೆಟ್ಟೋಯ್ತು. ಬಿಚ್ಚಿಸ್ಕೊಂಡ್ ಬಾ ಅಂತ ನಮ್ಮೋರಿಗ್ ಕೊಟ್ರೆ, ಅಂಗ್ಡಿಯೋನು ಬಿಚ್ಚಕ್ಕೇ ಬರಲ್ಲ ಅಂದ್ನಂತೆ. ಗುಜರಿಯೋನ್ಗೆ ಹಾಕ್ಬುಟ್ಟೊ" ಅಂದಳು. ಎರಡನೇ ಮನೆಯಲ್ಲೂ ಅದೇ ಮಾತು. ಐದನೇ ಮನೆಗೆ ಹೋಗುವ ಹೊತ್ತಿಗೆ ಅವರು ಪ್ರಶ್ನೆ ಕೇಳುವುದನ್ನು ನನಗೆ ಬಿಟ್ಟು ಬೇಲಿಯ ಆಚೆ ನಿಂತಿದ್ದರು.

ಗುಜರಿ ಗಾಡಿಯವನನ್ನು ಹುಡುಕಿದೆವು. ಅವನು ಕನಕಪುರದ ಒಂದು ಅಂಗಡಿ ತೋರಿಸಿದ. ಅಂಗಡಿಯವನು ನಮ್ಮನ್ನು ಬ್ಯಾಟರಿ ಮಾರಲು ಬಂದವರೆಂದುಕೊಂಡು, "ಒಡ್ಯೋ ಜಾಗ ಬೇರೆ ಐತೆ, ಅಲ್ಲಿಗೇ ತಗೊಂಡೋಗಿ" ಅಂದು ದಾರಿ ಹೇಳಿದ. ಆ ಜಾಗದ ಹೆಸರು ಬೇಡ. ಟಾರು ರಸ್ತೆ ಮುಗಿದು, ಒಣಗಿದ ಕೆರೆಯ ಏರಿ ದಾಟಿ, ಬಂಡೆಗಳ ನಡುವೆ ಅರ್ಧ ಗಂಟೆ ನಡೆಯಬೇಕು. ಮಟಮಟ ಮಧ್ಯಾಹ್ನ. ಹಕ್ಕಿಯ ಸದ್ದೂ ಇಲ್ಲ. ನಾಲಿಗೆಯ ಮೇಲೆ ಏನೋ ಸಿಹಿ ಸಿಹಿ ಲೋಹದ ರುಚಿ ಬಂತು. ನಾನು ಉಗುಳಿದೆ. ಅವರು ಕರವಸ್ತ್ರ ಎರಡು ಹೋಳು ಮಾಡಿ ಒಂದನ್ನು ನನಗೆ ಕೊಟ್ಟು, "ಮೂಗಿಗೆ ಕಟ್ಕೊ. ಯಾವುದುನ್ನೂ ಮುಟ್ಬೇಡ" ಅಂದರು.

ಶೆಡ್ಡು ಅಂದರೆ ನಾಲ್ಕು ಕಂಬ, ಮೇಲೆ ತಗಡು. ಅದರ ಪಕ್ಕ ನನ್ನೆತ್ತರಕ್ಕೆ ಹಳದಿ ರಾಶಿ. ಎಲ್ಲವೂ ನಮ್ಮ ದೀಪಗಳೇ. ಒಂದೊಂದರ ಹೊಟ್ಟೆಯೂ ಸೀಳಿತ್ತು. ಸ್ವಲ್ಪ ದೂರದಲ್ಲಿ ಒಂದು ಗುಂಡಿ, ಅದರಲ್ಲಿ ಇದ್ದಿಲು, ಗಾಳಿ ಊದುವ ತಿದಿ. ಬ್ಯಾಟರಿಯೊಳಗಿನ ಸೀಸದ ತಟ್ಟೆಗಳನ್ನು ಅಲ್ಲಿ ಕರಗಿಸಿ ಸೀಸದ ಗಟ್ಟಿಗಳನ್ನು ಎರೆಯುತ್ತಿದ್ದರು. ಸುತ್ತಲಿನ ನೆಲದಲ್ಲಿ ಹುಲ್ಲು ಇರಲಿಲ್ಲ. ಮಣ್ಣು ಸುಟ್ಟ ಗಾಯದ ಹಾಗೆ ಬೆಳ್ಳಗೆ ಬಿರಿದಿತ್ತು.

ಒಬ್ಬ ಹೆಂಗಸು ದೀಪವೊಂದನ್ನು ಕಲ್ಲಿನ ಮೇಲಿಟ್ಟು ಮಚ್ಚಿನಿಂದ ಹೊಡೆಯುತ್ತಿದ್ದಳು. ಆಸಿಡ್ ಚಿಮ್ಮಿ ಅವಳ ಸೀರೆಯ ತುಂಬ ಸಣ್ಣ ಸಣ್ಣ ತೂತು. ಅವಳ ಹೆಸರು ಪುಟ್ಟತಾಯಮ್ಮ ಎಂದು ಆಮೇಲೆ ತಿಳಿಯಿತು. ನಮ್ಮನ್ನು ನೋಡಿ ಮಚ್ಚು ಕೆಳಗಿಟ್ಟು, ಬೆವರು ಒರೆಸಿಕೊಂಡು, ನನ್ನ ಕಡೆ ತಿರುಗಿ ಹೇಳಿದಳು:

"ಬೇರೆ ಬ್ಯಾಟ್ರಿ ಆದ್ರೆ ಸಲೀಸು ಕಣಕ್ಕ. ಈ ಹಳ್ದಿ ದೀಪ ಮಾಡ್ದೋನು ಯಾವನೋ, ಅವನ ಕೈ ಸೇದೋಗ. ಸತ್ರೂ ಬಾಯಿ ಬುಡಾಕಿಲ್ಲ. ಮಚ್ಚಲ್ಲೇ ಕಡೀಬೇಕು. ಕಡುದ್ರೆ ಕಣ್ಣಿಗೆ ಹಾರ್ತದೆ."

ನಾನು ಅವರ ಮುಖ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ.

ನೆರಳಿನಲ್ಲಿ ಅವಳ ಗಂಡ ಶಿವಣ್ಣ ಕೂತಿದ್ದ. ಗುಂಡಿಯ ಕೆಲಸ ಅವನದಾಗಿತ್ತು, ಸೀಸದ ಹೊಗೆ ನರಗಳಿಗೇರಿ ಈಗ ಆಗುವುದಿಲ್ಲ. ಅವನ ಎರಡೂ ಅಂಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿದ್ದವು, ಕತ್ತು ಮುರಿದ ಕೋಳಿಯ ಹಾಗೆ. ಟೀ ಲೋಟವನ್ನು ಎರಡು ಮುಂಗೈಗಳ ನಡುವೆ ಒತ್ತಿ ಹಿಡಿದು, ತಲೆ ಬಗ್ಗಿಸಿ ಹೀರುತ್ತಿದ್ದ. ನೋವಿಲ್ಲ, ಎತ್ತಲು ಬರುವುದಿಲ್ಲ ಅಷ್ಟೇ ಅಂದ. ಅವನ ಕಾಲ ಬಳಿ ನಾಲ್ಕು ವರ್ಷದ ಮಗಳು ಅಡುಗೆ ಆಟ ಆಡುತ್ತಿದ್ದಳು. ಅವಳ ತಟ್ಟೆಗಳು ಬ್ಯಾಟರಿಯ ಸೀಸದ ತಟ್ಟೆಗಳು. ಬೂದಿ ಬಣ್ಣದ ಪುಡಿಯನ್ನು ಕಲಸಿ ಒಂದು ತಟ್ಟೆಗೆ ಬಡಿಸಿ ಅವರ ಮುಂದೆ ಹಿಡಿದಳು. "ಮಾಮ, ಮುದ್ದೆ ತಿನ್ನು."

ಅವರು ಅದನ್ನು ಈಸಿಕೊಂಡು ಕೆಳಗಿಟ್ಟರು. ಆಮೇಲೆ ಪುಟ್ಟತಾಯಮ್ಮನಿಗೆ ಹೇಳಿದರು:

"ಈ ದೀಪ ಮಾಡ್ದೋನು ನಾನೇ ಕಣವ್ವ."

ಅವಳು ನಂಬಲಿಲ್ಲ. ನಕ್ಕಳು. ಅವರು ಒಂದು ಹಳದಿ ಚಿಪ್ಪನ್ನು ತಿರುಗಿಸಿ ಒಳಗಿನ ಗೆರೆಗಳನ್ನು ತೋರಿಸಿ, ಇದು ಯಾಕೆ, ಅದು ಯಾಕೆ ಎಂದು ಒಂದೊಂದಾಗಿ ಹೇಳುತ್ತಾ ಹೋದಾಗ ಅವಳ ನಗು ನಿಂತಿತು.

"ಯಾಕಂಗ್ ಅಂಟಾಕಿದ್ರಿ ಸ್ವಾಮಿ?"

"ಯಾರೂ ಬಿಚ್ಬಾರ್ದು ಅಂತ. ಆಸಿಡ್ ಮುಟ್ಬಾರ್ದು ಅಂತ."

ಅವಳು ತನ್ನ ಸೀರೆಯನ್ನೊಮ್ಮೆ ನೋಡಿಕೊಂಡಳು. 

ಅಷ್ಟರಲ್ಲಿ ಬೈಕಿನ ಸದ್ದು. ಶೆಡ್ಡಿನ ಯಜಮಾನ ಬಂದ. ಗದರಲಿಲ್ಲ. ಬೈಕಿನ ಮೇಲೆ ಕೂತೇ ನಗುನಗುತ್ತಾ, "ಯಾವ್ ಡಿಪಾರ್ಟ್‌ಮೆಂಟು ಸಾರ್?" ಅಂದ. ಯಾವುದೂ ಅಲ್ಲ ಅಂದೆವು. "ಹಂಗಾರೆ ದಾರಿ ತಪ್ಪಿ ಬಂದಿದ್ದೀರಿ. ಇವತ್ತು ಬಂದಿದ್ದು ಬಂದ್ರಿ. ಈ ದಾರೀನ ಮರ್ತುಬುಡಿ. ಮೇಡಮ್ಮೋರು ದಿನಾ ರೈಲಲ್ಲಿ ಓಡಾಡೋರಾ? ಹುಷಾರು" ಅಂದ. ನಾನು ರೈಲಿನಲ್ಲಿ ಓಡಾಡುವುದು ಅವನಿಗೆ ಹೇಗೆ ಗೊತ್ತಾಯಿತೋ. ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಪಾಸು ಅವನ ಕಣ್ಣಿಗೆ ಬಿದ್ದಿರಬೇಕು ಎಂದು ಹೊಳೆದದ್ದು ಎಷ್ಟೋ ದಿನದ ಮೇಲೆ. ಅಲ್ಲಿಯವರೆಗೂ ಪ್ಲಾಟ್‌ಫಾರ್ಮಿನಲ್ಲಿ ಬೆನ್ನನ್ನು ಗೋಡೆಗೆ ಕೊಟ್ಟೇ ನಿಲ್ಲುತ್ತಿದ್ದೆ.

ಬಸ್ಸಿನಲ್ಲಿ ಅವರು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳನ್ನು ಮೇಲೆತ್ತಿ ನೋಡಿಕೊಂಡರು. ಇಳಿಸಿದರು. ಮತ್ತೆ ಎತ್ತಿ ನೋಡಿಕೊಂಡರು. ಬಾಗಿಲ ಪಕ್ಕದ ಸೀಟಿನಲ್ಲೇ ಕೂತಿದ್ದರು. ಅದರ ಪರಿವೆಯೇ ಅವರಿಗೆ ಇರಲಿಲ್ಲ.

ಆ ವಾರವೆಲ್ಲ ಅವರು ಡ್ರಾಯಿಂಗ್ ಬೋರ್ಡಿನ ಮುಂದೆ ಖಾಲಿ ಹಾಳೆ ಹಾಕಿಕೊಂಡು ಕೂತರು. ಶನಿವಾರ ನನ್ನ ಬೆಂಚಿನ ಬಳಿ ಬಂದು, "ಆ ಮಗೀನ ನೋಡ್ಬೇಕಮ್ಮ. ಒಬ್ನೇ ಹೋಗಕ್ಕೆ ನಂಗೆ ಭಯ. ನಿನ್ನ ಕರ್ಕೊಂಡೋಗಕ್ಕೆ ಇನ್ನೂ ಭಯ" ಅಂದರು. ನಾನು ಬರುತ್ತೇನೆ ಅಂದೆ. ಧೈರ್ಯದಿಂದ ಅಂದದ್ದಲ್ಲ. ಅವರು ಒಬ್ಬರೇ ಹೋಗಿ ವಾಪಸು ಬರದೇ ಇದ್ದರೆ ಎಂಬ ಯೋಚನೆಯನ್ನು ಇಟ್ಟುಕೊಂಡು ಮನೆಯಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಮರುದಿನ ಹೊರಟೆವು, ಆದರೆ ಶೆಡ್ಡು ಮುಟ್ಟಲೇ ಇಲ್ಲ. ಕೆರೆ ಏರಿಯ ಮೇಲೆ ಪುಟ್ಟತಾಯಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿ ಬರುತ್ತಿದ್ದಳು. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು.

"ಬೆಳಗ್ಗಿಂದ ಎಲ್ಡ್ ಸಲ ಬಂತು ಸ್ವಾಮಿ. ಗಾಳಿ ಸೋಕೈತೆ ಅಂತಾವ್ರೆ. ಎಲ್ಲಿಗ್ ಓಗಾನ ಯೋಳಿ!"

ನಾನು ಅವರನ್ನೇ ನೋಡಿದೆ.  ಕಾಲೇ ಏಳಲಿಲ್ಲ ಎಂದು ಹೇಳಿದ್ದು ನೆನಪಾಯಿತು. ಅಷ್ಟರಲ್ಲಿ ಅವರು ಮಗುವನ್ನು ಅವಳ ಹೆಗಲಿನಿಂದ ಕಿತ್ತುಕೊಂಡವರ ಹಾಗೆ ಎತ್ತಿಕೊಂಡು, ತೋಳಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿಕೊಂಡು, ಬಂದ ದಾರಿಯಲ್ಲೇ ಓಡಿದರು. ಐವತ್ತು ದಾಟಿದ ಮನುಷ್ಯ, ಬಂಡೆಗಲ್ಲಿನ ದಾರಿ. ನಾವಿಬ್ಬರು ಹೆಂಗಸರು ಅವರ ಹಿಂದೆ. ಟಾರು ರಸ್ತೆಯಲ್ಲಿ ಸೊಪ್ಪಿನ ಟೆಂಪೊ ನಿಲ್ಲಿಸಿ ಕನಕಪುರದ ಆಸ್ಪತ್ರೆ ಸೇರಿದೆವು. ಅಲ್ಲಿ ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸಿ, ಬೆಂಗಳೂರಿಗೆ ಕರೆದೊಯ್ಯಲು ಬರೆದುಕೊಟ್ಟರು. ಅವರು ಡಾಕ್ಟರ ಮುಂದೆ ನಿಂತು ಮೂರು ಸಲ ಹೇಳಿದರು: "ಸೀಸ ಸಾರ್. ಸೀಸ ತಿಂದೈತೆ. ಬೇರೆ ಕಾಯಿಲೆ ಹುಡುಕ್ಬೇಡಿ, ರಕ್ತದಲ್ಲಿ ಸೀಸ ನೋಡಿ."

ಬೆಂಗಳೂರಿನ ಮಕ್ಕಳ ವಾರ್ಡಿನಲ್ಲಿ ರಿಪೋರ್ಟಿಗೆ ಹಲವು ದಿನ ಕಾದೆವು. ಮಗು ಮಂಪರಿನಲ್ಲಿತ್ತು. ಅವರು ಕಾರಿಡಾರಿನಲ್ಲಿ ಕೂತಿರುತ್ತಿದ್ದರು; ಒಳಗೆ ಬರುತ್ತಿರಲಿಲ್ಲ. ರಿಪೋರ್ಟು ಬಂದಾಗ ಡಾಕ್ಟರಮ್ಮ ಇಷ್ಟು ಹೇಳಿದರು: ಇರಬಾರದಷ್ಟು ಸೀಸ ಇದೆ, ಮದ್ದು ಕೊಡುತ್ತೇವೆ, ಜೀವಕ್ಕೆ ಅಪಾಯವಿಲ್ಲ ಎಂದುಕೊಂಡಿದ್ದೇವೆ. ಆದರೆ ಮತ್ತೆ ಅದೇ ಜಾಗಕ್ಕೆ ಹೋದರೆ ಮದ್ದು ಕೊಟ್ಟೂ ಪ್ರಯೋಜನವಿಲ್ಲ.

"ಇನ್ನೆಲ್ಲಿಗ್ ಓಗಾನ?" ಅಂದಳು ಪುಟ್ಟತಾಯಮ್ಮ. "ಅದು ಬುಟ್ರೆ ಯಾರ್ ಕೆಲ್ಸ ಕೊಟ್ಟಾರು? ನಮ್ಮೋರ ಕೈ ನೋಡಿದ್ದೀರಲ್ಲ."

ಮರುದಿನ ಡ್ರಾಯಿಂಗ್ ಸಾರ್ ನೇರವಾಗಿ ನಮ್ಮ ಮಾಲೀಕರ ಕೋಣೆಗೆ ಹೋದರು. ಮಾರಾಟದ ಪಟ್ಟಿ, ಬಿಲ್ಲು ಹಿಡಿದು ನಾನೂ ಹಿಂದೆ ನಿಂತಿದ್ದೆ. ಮಾಲೀಕರು ಕೆಟ್ಟವರಲ್ಲ, ಆದರೆ ಅವರ ದನಿ ಏರಿದರೆ ಡ್ರಾಯಿಂಗ್ ಸಾರ್ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದುದನ್ನು ಎಲ್ಲರೂ ಕಂಡಿದ್ದೆವು. ಅವತ್ತು ಅವರು ಕೇಳಿದ್ದು ಇಷ್ಟು: ಅಂಟು ಹಾಕಿದ ದೀಪ ಇನ್ನು ಮುಂದೆ ಮಾಡಕೂಡದು. ಬ್ಯಾಟರಿ ಮಾತ್ರ ಸಲೀಸಾಗಿ ಹೊರಗೆ ಬರುವಂಥ ಹೊಸ ಅಚ್ಚು ಬೇಕು. ಹಳೆಯ ಬ್ಯಾಟರಿ ಕೊಟ್ಟರೆ ಮಾತ್ರ ಹೊಸದು. ಹಾಗೆ ಬಂದದ್ದನ್ನು ಒಡೆಯದೆ, ಸರಿಯಾಗಿ ಕರಗಿಸುವ ದೊಡ್ಡ ಕಾರ್ಖಾನೆಗೆ ಕಳಿಸಬೇಕು.

"ನಮ್ಮ ಗೇಟು ದಾಟಿದ ಮೇಲೆ ಅದು ಕೊಂಡವರದ್ದಪ್ಪ," ಅಂದರು ಮಾಲೀಕರು. "ಹಳೇ ಅಚ್ಚು ಇನ್ನೂ ಚೆನ್ನಾಗಿದೆ. ಈಗ ಯಾವನು ಹೊಸಾದು ಮಾಡಿಸ್ತಾನೆ? ಸುಮ್ನೆ ಹೋಗಿ ಕೆಲಸ ನೋಡಿ." ದನಿ ಏರಿತ್ತು.

ಡ್ರಾಯಿಂಗ್ ಸಾರ್ ಅಂಗಿಯ ಬೆನ್ನು ಒದ್ದೆಯಾದದ್ದು ನನಗೆ ಕಾಣುತ್ತಿತ್ತು. ಮೇಜಿನ ಅಂಚು ಹಿಡಿದುಕೊಂಡರು.

"ಸಾರ್, ನಂಗೆ ನಿಮ್ಮ ಭಯ ಐತೆ. ಸುಳ್ಳು ಹೇಳಲ್ಲ. ಇವತ್ತು ಊಟ ಕೂಡ ಸೇರ್ಲಿಲ್ಲ. ಆದ್ರೆ ಆ ಶೆಡ್ಡಿನ ಭಯ ಇದುಕ್ಕಿಂತ ಜಾಸ್ತಿ ಐತೆ. ಆ ಮಗು ನಂಗೆ ಮುದ್ದೆ ಬಡಿಸ್ತು ಸಾರ್. ಇನ್ನೊಂದು ದೀಪಕ್ಕೆ ಅಂಟು ಹಾಕೋ ಕಾಗದಕ್ಕೆ ನಾನು ರುಜು ಹಾಕಲ್ಲ. ಬೇಕಾದ್ರೆ ಮನೆಗೆ ಕಳ್ಸಿ."

 ಮಾಲೀಕರು ನನ್ನ ಕಡೆ ತಿರುಗಿ, "ನೀನೂ ನೋಡಿದೆಯೇನಮ್ಮ?" ಅಂದರು. ನೋಡಿದೆ ಅಂದೆ. ರಾಶಿ ಎಷ್ಟೆತ್ತರ ಇತ್ತು ಅಂದರು. ಕೈಯನ್ನು ನನ್ನ ತಲೆಯ ಮೇಲಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊಸ ಅಚ್ಚಿಗೆ ಒಪ್ಪಿದ್ದು ಇನ್ನೂ ಎರಡು ವಾರದ ಮೇಲೆ, ಗೊಣಗಿಕೊಂಡು.

ಪುಟ್ಟತಾಯಮ್ಮನ ಸಂಸಾರ ರಾಮನಗರದ ಐಜೂರಿನ ಒಂದು ಬಾಡಿಗೆ ಕೋಣೆಗೆ ಬಂತು. ನಮ್ಮ ಕಾರ್ಖಾನೆಯಲ್ಲೇ ವಾಪಸು ಬಂದ ದೀಪಗಳನ್ನು ಬಿಚ್ಚಿ ಬೇರೆ ಬೇರೆ ಮಾಡುವ ಕೆಲಸ ಅವಳಿಗೆ. ಕೈಗವಸು, ಕನ್ನಡಕ ಹಾಕಿಕೊಂಡು. ಬ್ಯಾಟರಿಯನ್ನು ಮುಟ್ಟುವುದಷ್ಟೇ, ಒಡೆಯುವ ಹಾಗಿಲ್ಲ. ಅವರು ಹೊಸ ದೀಪದ ಮೊದಲ ಮಾದರಿ ಮಾಡಿಸಿ ತಂದದ್ದು ಮಾಲೀಕರ ಬಳಿಗಲ್ಲ, ಅವಳ ಬಳಿಗೆ. ತಳದಲ್ಲಿ ಎರಡು ದಪ್ಪ ತಿರುಪು. ಕಾಸಿನಿಂದ ತಿರುಗಿಸಿದರೆ ಬ್ಯಾಟರಿಯ ತಟ್ಟೆ ಹೊರಬರುತ್ತಿತ್ತು.

ಅವಳು ಬಿಚ್ಚಿದಳು, ಮುಚ್ಚಿದಳು. "ನಂಗೇನೋ ಸರಿ. ಇವ್ರ ಕೈಲಿ ಆಗಕಿಲ್ವಲ್ಲ ಸ್ವಾಮಿ" ಅಂದಳು, ಗಂಡನನ್ನು ತೋರಿಸಿ. ಸುಮ್ಮನೆ ಅಂದ ಮಾತು. ಅವರು ಮಾದರಿಯನ್ನು ಎತ್ತಿಕೊಂಡು ಹೊರಟೇ ಹೋದರು.

ಅದಾದ ಮೇಲೆ ಅವರು ಮಾಡಿದ ಮಾದರಿಗಳನ್ನು ನಾನು ಎಣಿಸಲಿಲ್ಲ. ಪ್ರತಿ ಸಲವೂ ಶಿವಣ್ಣನ ಮುಂದೆ ಇಡುತ್ತಿದ್ದರು. ಅವನು ಪ್ರಯತ್ನಿಸುತ್ತಿದ್ದ, ಜೋತುಬಿದ್ದ ಕೈ ಜಾರುತ್ತಿತ್ತು, ನಾಚಿಕೆಯಿಂದ ನಗುತ್ತಿದ್ದ. ಇವರು ಕ್ಷಮೆ ಕೇಳಿ ಒಯ್ಯುತ್ತಿದ್ದರು. ಕೊನೆಗೊಂದು ಸಂಜೆ ತಂದ ದೀಪಕ್ಕೆ ತಿರುಪು ಇರಲಿಲ್ಲ. ತಳಕ್ಕೆ ಅಗಲವಾದ ಒಂದು ಕೊಂಡಿ. ಶಿವಣ್ಣ ದೀಪವನ್ನು ತೊಡೆಗಳ ನಡುವೆ ಇಟ್ಟುಕೊಂಡು, ಮುಂಗೈಯ ಎಲುಬಿನಿಂದ ಕೊಂಡಿಯನ್ನು ಒತ್ತಿದ. ಟಕ್ಕೆಂದು ತಳ ತೆರೆದು ಬ್ಯಾಟರಿಯ ತಟ್ಟೆ ಜಾರಿ ಅವನ ಮಡಿಲಿಗೆ ಬಂತು. ಇನ್ನೊಮ್ಮೆ ಮುಚ್ಚಿ ಇನ್ನೊಮ್ಮೆ ಒತ್ತಿದ. ಮತ್ತೆ ತೆರೆಯಿತು. ಯಾರ ಸಹಾಯವೂ ಇಲ್ಲದೆ ಒಂದು ಕೆಲಸ ಮಾಡಿ ಅವನಿಗೆ ವರ್ಷವಾಗಿತ್ತು. "ಬಂತು ಕಣಮ್ಮಿ, ನೋಡು, ಬಂತು!" ಎಂದು ಹೆಂಡತಿಯನ್ನು ಕೂಗಿದ. ಡ್ರಾಯಿಂಗ್ ಸಾರ್ ಗೋಡೆಗೆ ತಿರುಗಿ ನಿಂತರು. ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ.

ಎಲ್ಲವೂ ಸರಿಹೋಯಿತೆಂದು ಬರೆಯಲು ನನಗೂ ಆಸೆ. ಮಗು ಬದುಕಿತು, ಶಾಲೆಗೆ ಹೋಯಿತು, ಆದರೆ ಪಾಠ ತಲೆಗೆ ಹತ್ತುವುದು ನಿಧಾನವಾಯಿತು. ಶಿವಣ್ಣನ ಬಲಗೈ ಸ್ವಲ್ಪ ಎದ್ದಿತು, ಎಡಗೈ ಏಳಲೇ ಇಲ್ಲ. ಶೆಡ್ಡಿನ ಬಗ್ಗೆ ಅವರು ಅಧಿಕಾರಿಗಳಿಗೆ ಅರ್ಜಿ ಬರೆದರು, ಹೆಸರು ವಿಳಾಸ ಹಾಕಿಯೇ ಬರೆದರು, ಆಮೇಲೆ ತಿಂಗಳುಗಟ್ಟಲೆ ಮನೆ ಬಾಗಿಲಿಗೆ ಎರಡೆರಡು ಅಗುಳಿ ಹಾಕಿಕೊಂಡರು. ತಪಾಸಣೆಗೆ ಹೋದವರಿಗೆ ಸಿಕ್ಕಿದ್ದು ಬೂದಿ. ಶೆಡ್ಡು ಬೇರೆಲ್ಲಿಗೋ ಹೋಗಿತ್ತು. ಅಂಟು ಹಾಕಿದ ಹಳೆಯ ದೀಪಗಳನ್ನು ಅವರು ರಿಟೈರ್ ಆದ ಮೇಲೂ ಹುಡುಕುತ್ತಿದ್ದರು. ಹೆಗಲಿಗೊಂದು ಚೀಲ ಹಾಕಿಕೊಂಡು ಸಾತನೂರಿನಿಂದ ಮಾಗಡಿಯವರೆಗೆ ಸರ್ಕಾರಿ ಬಸ್ಸಿನಲ್ಲಿ ಅಲೆದು, ಸಿಕ್ಕಿದ್ದನ್ನು ನನ್ನ ಬೆಂಚಿನ ಮೇಲೆ ತಂದಿಡುತ್ತಿದ್ದರು. ಸಿಗದವುಗಳ ಬಗ್ಗೆ ಮಾತಾಡುತ್ತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರ ಹೃದಯದ ಬಡಿತ ತಪ್ಪತೊಡಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟರು. ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದು, ಅಲ್ಲಿ ಉಬ್ಬಿದ್ದ ಜಾಗದ ಮೇಲೆ ಬೆರಳಿಟ್ಟರು.

"ಇದ್ರೊಳಗೂ ಬ್ಯಾಟ್ರಿ ಐತೆ ಕಣಮ್ಮ. ನಮ್ಮನೇಲಿ ಸುಡೋ ಪದ್ಧತಿ. ಬೆಂಕಿಗೆ ಬಿದ್ರೆ ಇದು ಸಿಡೀತದಂತೆ, ಡಾಕ್ಟ್ರನ್ನ ಕೇಳ್ದೆ. ಸುಡೋರು ಪಕ್ಕದಲ್ಲೇ ನಿಂತಿರ್ತಾರೆ. ನಾನು ಹೋದ್ಮೇಲೆ ತೆಗೆಸ್ಬುಡು. ನಮ್ಮೋರ್ಗೆ ಹೇಳಕ್ಕೆ ನಂಗೆ ಧೈರ್ಯ ಇಲ್ಲ. ಅಪಶಕುನ ಅಂತಾರೆ."

ಸುದ್ದಿ ಬಂದ ಬೆಳಿಗ್ಗೆ ಸಾತನೂರಿಗೆ ಹೋದೆ. ಅಂಗಳದ ತುಂಬ ಜನ. ಚಟ್ಟ ಕಟ್ಟುತ್ತಿದ್ದರು. ಹೆಣವನ್ನು ಕೊಯ್ಯಬೇಕು ಎಂದು ಆ ಹಿರಿಯರ ಮುಂದೆ, ಬಂಧುವೂ ಅಲ್ಲದ ಹೆಂಗಸು ನಾನು ಹೇಗೆ ಹೇಳಲಿ?  ಎರಡು ಸಲ ಎದ್ದು ಎರಡು ಸಲ ಕೂತೆ. ಮೂರನೇ ಸಲ ಹೇಳಿಬಿಟ್ಟೆ. ಚಟ್ಟ ಕಟ್ಟುತ್ತಿದ್ದವರು ತಲೆಯೆತ್ತಿ ನೋಡಿದರು. ಆಮೇಲೆ ಯಾರೋ, "ಏನ್ ಮಾತೂಂತ ಆಡ್ತೀಯವ್ವ, ಹೆಣಕ್ಕೆ ಕತ್ತಿ ಹಾಕ್ತಾರಾ?" ಎಂದು ರೇಗಿದರು.

ಹೆಣದ ತಲೆಯ ಬಳಿ ಅವರ ಅಕ್ಕ ಕೂತಿದ್ದರು. ತುಂಬ ವಯಸ್ಸಾಗಿತ್ತು. ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು.

"ಸಿಡೀತದಾ ಅದು?"

"ಸಿಡೀತದಮ್ಮ. ಅವರೇ ಹೇಳಿದ್ರು."

"ಹಂಗಾರೆ ತೆಗ್ಸಿ," ಅಂದರು ಅಂಗಳಕ್ಕೆಲ್ಲ ಕೇಳುವಂತೆ. "ಬೆಂಕಿ ಏನ್ ಮಾಡ್ತದೆ ಅನ್ನಾದು ನಂಗೊತ್ತು. ಡಾಕ್ಟ್ರನ್ನ ಕರೀರಿ."

ಊರಿನ ಡಾಕ್ಟರು ಬಂದು ಒಳಮನೆಯಲ್ಲಿ ಅದನ್ನು ತೆಗೆದು, ತೊಳೆದು, ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಬೆಂಕಿಕಡ್ಡಿ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ತಣ್ಣಗಿತ್ತು. ಮರುದಿನ ಅದನ್ನು ಅಳವಡಿಸಿದ್ದ ಬೆಂಗಳೂರಿನ ಆಸ್ಪತ್ರೆಗೇ ಒಯ್ದೆ. ಕೌಂಟರಿನ ಹುಡುಗಿ ರಿಜಿಸ್ಟರಿನಲ್ಲಿ ಬರೆದುಕೊಂಡು, ರುಜು ಹಾಕಿಸಿಕೊಂಡು, ಆಯ್ತು ಹೋಗಿ ಮೇಡಂ ಅಂದಳು.

"ಇದನ್ನ ಎಲ್ಲಿಗೆ ಕಳಿಸ್ತೀರಾ?"

"ಅದೆಲ್ಲ ನಮಗೆ ಗೊತ್ತಿಲ್ಲ ಮೇಡಂ."

"ಯಾರಿಗೆ ಗೊತ್ತಿದೆ?"

ಅವಳು ಬೇಸರದಿಂದ ಒಳಗೆ ಫೋನ್ ಮಾಡಿದಳು. ಇನ್ನೊಬ್ಬರು ಬಂದರು, ಅವರಿಗೂ ಗೊತ್ತಿರಲಿಲ್ಲ. ನಾಳೆ ಬನ್ನಿ ಅಂದರು.  ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಕವರನ್ನು ಕೌಂಟರಿನಿಂದ ವಾಪಸು ತೆಗೆದುಕೊಂಡು, ಎದುರಿಗಿದ್ದ ಬೆಂಚಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಗೊತ್ತಿರುವವರು ಬರುವವರೆಗೂ ಇಲ್ಲೇ ಇರುತ್ತೇನೆ ಅಂದೆ.